ಮೊದಲ ಬಾಣ ಯಾರ ಕೈಯಲ್ಲಿದೆ?

ಇಂದಿನ ಧಮ್ಮ ಚಿಂತನೆ

ಬಂಧುಗಳೇ, ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಥಲಸ್ಸೇಮಿಯಾ ಇರುವ ಮಕ್ಕಳು ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುತ್ತಾರೆ. ಪ್ರತಿ ಸಲವೂ ಕೈಗೆ ಸೂಜಿ. ಚುಚ್ಚಿ ಚುಚ್ಚಿ ನರ ಸಿಗುವುದೇ ಕಷ್ಟವಾಗಿರುತ್ತದೆ.

ಒಂದು ದಿನ ಒಂದು ಮಗುವಿನ ಕೈಗೆ ಅದರ ತಂದೆ ಹೊರಗಿನಿಂದ ತಂದ ಮುಲಾಮು ಹಚ್ಚಿದ್ದೆ. ಲಿಡೊಕೇನ್ ಮತ್ತು ಪ್ರಿಲೊಕೇನ್ ತಲಾ ಶೇ. 2.5 ಇರುವ ಕ್ರೀಮ್ ಅದು. ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಸುಮಾರು 60 ನಿಮಿಷ ಬಿಟ್ಟರೆ ಚರ್ಮ ಮರಗಟ್ಟುತ್ತದೆ. ಪಕ್ಕದ ಹಾಸಿಗೆಯ ಹುಡುಗಿಯ ತಾಯಿ, ಕೂಲಿ ಮಾಡುವ ಹೆಂಗಸು, "ಸಿಸ್ಟರ್, ನಮ್ಮ ಹುಡುಗಿಗೂ ಅದನ್ನ ಹಚ್ಚಬಹುದಾ?" ಎಂದು ಕೇಳಿದರು.

"ಇರುವೆ ಕಚ್ಚಿದಂಗೆ ಅಷ್ಟೇ ಬಿಡಮ್ಮ. ಅವಳಿಗೆ ಅಭ್ಯಾಸ ಆಗಿದೆ" ಎಂದೆ.

ಆ ದಿನ ಮೂರನೇ ಸಲಕ್ಕೆ ನರ ಸಿಕ್ಕಿತು. ಹುಡುಗಿ ಅಳಲಿಲ್ಲ. ಗೋಡೆ ಕಡೆ ಮುಖ ತಿರುಗಿಸಿಕೊಂಡಿದ್ದಳು.

ರಾತ್ರಿ ನನ್ನ ಮಾತು ನನ್ನನ್ನೇ ಚುಚ್ಚಿತು. ಕೇರಿಯ ಜನರ ಬಗ್ಗೆ ಊರು ತಲೆತಲಾಂತರದಿಂದ ಹೇಳಿದ್ದೂ ಇದನ್ನೇ ಅಲ್ಲವೇ? ಬಿಸಿಲು ಅಭ್ಯಾಸ, ಹಸಿವು ಅಭ್ಯಾಸ, ಅವಮಾನ ಅಭ್ಯಾಸ. ಈಗ ಅದೇ ಮಾತು ನನ್ನ ಬಾಯಲ್ಲಿ.

ಸಂಯುತ್ತ ನಿಕಾಯದಲ್ಲಿ ಭಗವಾನ್ ಬುದ್ಧರು ಎರಡು ಬಾಣಗಳ ಉಪಮೆ ಕೊಡುತ್ತಾರೆ. ದೇಹಕ್ಕಾಗುವ ನೋವು ಮೊದಲ ಬಾಣ. ಅದಕ್ಕಾಗಿ ಮನಸ್ಸು ಗೋಳಾಡುವುದು ಎರಡನೆಯದು. ತಿಳಿದವನು ಎರಡನೆಯದರಿಂದ ಪಾರಾಗುತ್ತಾನೆ. ಆದರೆ ಈ ಉಪದೇಶ ಬಾಣ ತಗುಲಿದವರಿಗೆ, ಬಾಣ ಹಿಡಿದವರಿಗಲ್ಲ. ಸೂಜಿ ಹಿಡಿದ ನಾನು "ಸಹಿಸಿಕೋ" ಎಂದರೆ ಅದು ಧಮ್ಮವಲ್ಲ, ನನ್ನ ಸೋಮಾರಿತನಕ್ಕೆ ಹೊದಿಸಿದ ಚೀವರ.

ಬಾಬಾಸಾಹೇಬರು ಬಡವರ ದುಃಖವನ್ನು ಹಿಂದಿನ ಜನ್ಮದ ಕರ್ಮದ ಲೆಕ್ಕಕ್ಕೆ ಬರೆಯಲು ಒಪ್ಪಲಿಲ್ಲ. ದುಃಖವಿದೆ ಎಂದು ಒಪ್ಪಿಕೊಳ್ಳುವುದು, ಅದನ್ನು ನಿವಾರಿಸುವ ದಾರಿ ತೋರುವುದು, ಇದೇ ಧಮ್ಮದ ಅಡಿಪಾಯ ಎಂದು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಿಳಿಸಿದರು. ನಾನು ಮೊದಲ ಹೆಜ್ಜೆಯಲ್ಲೇ ಎಡವಿದ್ದೆ. ಆ ಮಗುವಿಗೆ ನೋವಿದೆ ಎಂದೇ ಒಪ್ಪಿಕೊಂಡಿರಲಿಲ್ಲ.

ತುರ್ತು ಚಿಕಿತ್ಸೆಯಲ್ಲಿ ಒಂದು ಗಂಟೆ ಕಾಯಲು ಆಗುವುದಿಲ್ಲ, ನಿಜ. ಆದರೆ ಈ ಮಕ್ಕಳು ಬರುವ ದಿನ ಮೊದಲೇ ಗೊತ್ತಿರುತ್ತದೆ. ರಕ್ತನಿಧಿಯಿಂದ ರಕ್ತ ಬರುವಷ್ಟರಲ್ಲಿ ಒಂದು ಗಂಟೆ ಹೇಗೂ ಕಳೆಯುತ್ತದೆ. ಸಮಯವಿತ್ತು, ಔಷಧವೂ ಇತ್ತು. ಕೊರತೆ ಇದ್ದದ್ದು ನನ್ನ ಗಮನದಲ್ಲಿ.

ಈಗ ಎಲ್ಲ ಮಕ್ಕಳಿಗೂ ಕ್ರೀಮ್ ಬರೆದುಕೊಡಿ ಎಂದು ವೈದ್ಯರನ್ನು ನಾನೇ ಕೇಳುತ್ತೇನೆ. ಸ್ಟೋರಿನಲ್ಲಿ ಇಲ್ಲದಿದ್ದರೆ ತರಿಸಲು ಬೆನ್ನು ಹತ್ತುತ್ತೇನೆ. ಆದರೂ ಸಿಗದ ದಿನಗಳಿವೆ. ಆಗ ಇರುವೆಯ ಸುಳ್ಳು ಹೇಳುವುದಿಲ್ಲ. "ನೋವಾಗುತ್ತೆ ಕಂದಾ, ನಿಧಾನವಾಗಿ ಮಾಡ್ತೀನಿ" ಎನ್ನುತ್ತೇನೆ. ಸಮ್ಮಾ ವಾಚಾ ನನಗೆ ಅಲ್ಲಿಂದಲೇ ಶುರುವಾಗಿದೆ.

ಮುಂದಿನ ಸಲ ಆ ಹುಡುಗಿ ಬಂದಾಗ ಪಟ್ಟಿ ಅಂಟಿಸಿದ ಕೈಯನ್ನು ಗಡಿಯಾರದ ಕಡೆ ಹಿಡಿದು ಕೂತಿದ್ದಳು. ಸೂಜಿ ಹೋದಾಗ ಗೋಡೆ ಕಡೆ ತಿರುಗಲಿಲ್ಲ.

ಇಂದು ನಾವೆಲ್ಲರೂ ಕೇಳಿಕೊಳ್ಳೋಣ: ಮನೆಯಲ್ಲಿ, ಕೆಲಸದಲ್ಲಿ, ಯಾರ ನೋವನ್ನು "ಅವರಿಗೆ ಅಭ್ಯಾಸ" ಎಂದು ತಳ್ಳಿಹಾಕಿದ್ದೇವೆ?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.