ಮೂಕಪ್ರಾಣಿಯ ಅಪರಾಧ

ಹನ್ನೊಂದು ವರ್ಷ ತೊಗರಿಯ ರಾಶಿಯನ್ನು ಕಾದ ಹೆಣ್ಣುನಾಯಿಯೊಂದು ಮುಪ್ಪಿನಲ್ಲಿ ತಾನು ಮಲಗಿದ ಪಡಸಾಲೆಯನ್ನೇ ಮೂತ್ರದಿಂದ ತೋಯಿಸತೊಡಗಿದರೆ ಅದನ್ನು ಅಪರಾಧಿಯೆನ್ನಬಹುದೇ? ಆಳಂದ ತಾಲೂಕಿನ ಮಟಕಿಯ ಅಂಗಳದಲ್ಲಾಗಲಿ, ಕಲಬುರ್ಗಿಯ ಮಾಳಿಗೆಯ ಮನೆಯಲ್ಲಾಗಲಿ, ಈ ಪ್ರಶ್ನೆಗೆ ಮೊದಲು ಉತ್ತರ ಕೊಡುವುದು ಕೋಲು.

ಪಶುವೈದ್ಯನ ಪ್ರಶ್ನೆಯು ಬೇರೆ. “ಎಚ್ಚರ ಇದ್ದಾಗ ಕುಂತು ಹೊಯ್ತದೇನ್ರಿ, ಇಲ್ಲಾ ನಿದ್ದ್ಯಾಗ ಸೋರ್ತದ?”

“ನಿದ್ದ್ಯಾಗ್ರಿ ಸಾಹೇಬ್ರ. ಎದ್ದ ಮ್ಯಾಲ ನಾಚ್ಕೊಂಡು ಮೂಲ್ಯಾಗ ಹೋಗಿ ಕೂಡ್ತದ.”

ವೈದ್ಯನು ರೋಗವನ್ನರಿಯಲು ಕೇಳಿದ ಮಾತೇ ನೀತಿಜ್ಞನ ಮಾತೂ ಅಹುದು. ಇಚ್ಛೆಯಿಲ್ಲದ ಕಡೆ ದೋಷವೆಲ್ಲಿಯದು? ಮೂಲೆ ಸೇರುವುದನ್ನು ಜನರು ತಪ್ಪೊಪ್ಪಿಗೆಯೆಂದೆಣಿಸುವರು. ಆದರೆ 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿಯು ಪ್ರಕಟಿಸಿದ ಪರೀಕ್ಷೆಯಲ್ಲಿ, ನಾಯಿಯ ಆ ತಗ್ಗಿದ ಮೋರೆಯು ತಪ್ಪನ್ನಲ್ಲ, ಒಡೆಯನ ಗದರಿಕೆಯನ್ನೇ ಅನುಸರಿಸಿತು. ನಾಚಿಕೆಯೆಂದು ಕಂಡದ್ದು ಕೋಲಿನ ನೆನಪಾಗಿರಬಹುದು.

ಕಾರಣಗಳು ಹಲವು: ಮೂತ್ರಕೋಶದ ಸೋಂಕು, ಹರಳು, ಸಕ್ಕರೆ ರೋಗ. ಮರಿ ಹಾಕದಂತೆ ಅಂಡಾಶಯವನ್ನು ತೆಗೆಯಿಸಿದ ಹೆಣ್ಣುನಾಯಿಗಳಲ್ಲಿ ಒಳರಸದ ಕೊರತೆಯಿಂದ ಮೂತ್ರದ್ವಾರದ ಸ್ನಾಯುವು ವರ್ಷಗಳ ತರುವಾಯ ಸಡಿಲಾಗುವುದುಂಟು. ಅದಕ್ಕೆ ಫಿನೈಲ್‌ಪ್ರೊಪನೊಲಮೈನ್ ಮೊದಲಾದ ಔಷಧಗಳಿವೆ. ಬಹುಮಟ್ಟಿಗೆ ಗುಣವೂ ಕಾಣುತ್ತದೆ. ಇಲ್ಲಿ ವಿಚಾರವು ತಿರುಗಿ ಒಡೆಯನ ಮೇಲೆಯೇ ಬರುತ್ತದೆ. ಆ ಶಸ್ತ್ರಕ್ರಿಯೆಯು ತಪ್ಪಲ್ಲ. ಆದರೆ ಅದನ್ನು ನಿಶ್ಚಯಿಸಿದವನು ಅವನು, ನಾಯಿಯಲ್ಲ. ತನ್ನ ಅನುಕೂಲದ ಫಲವು ಹೊಸ್ತಿಲಲ್ಲಿ ಹರಿದಾಗ ನೀರಿನ ಬೋಗುಣಿಯನ್ನು ಎತ್ತಿಡುವುದು ನ್ಯಾಯವಲ್ಲ, ಚಿಕಿತ್ಸೆಯೂ ಅಲ್ಲ. ಸಕ್ಕರೆ ರೋಗವಿದ್ದಲ್ಲಿ ಅದು ಪ್ರಾಣಕ್ಕೇ ಎರವಾದೀತು.

ಸಂತೆಯಲ್ಲಿ ಬಿಟ್ಟುಬರುವುದು ಇನ್ನೊಂದು ಉಪಾಯ. ಹಸಿವು ನೀರಡಿಕೆಗಳಿಗೆ ಈಡಾಗುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವು. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬಾರೆನೆಂದ ಧರ್ಮರಾಯನನ್ನು ಎಲ್ಲರೂ ಕೊಂಡಾಡುವರು. ಆದರೆ ಆ ನಾಯಿಯ ಹಿಂದೆ ದಿನವೂ ನೆಲ ತೊಳೆಯುವ ಕೆಲಸವು ಆತನಿಗಿರಲಿಲ್ಲ!

ನಿಜವಾದ ತೊಡಕು ಅಲ್ಲಿಯೇ ಇದೆ. ದಯೆ ತೋರುವವನು ಮನೆಯ ಯಜಮಾನ. ನಸುಕಿನಲ್ಲಿ ಸೆಗಣಿನೀರು ಹಿಡಿದು ಪಡಸಾಲೆ ಬಳಿಯುವವಳು ಸೊಸೆ. ಪರರ ರಟ್ಟೆಯ ಬಲದಿಂದ ನಡೆಯುವ ಭೂತದಯೆಯಲ್ಲಿ ಪುಣ್ಯದ ಪಾಲು ಯಾರಿಗೆಂಬುದನ್ನು ಕೇಳುವವರು ವಿರಳ.

ವೈದ್ಯನು ಕಡೆಗೆ, ಬೆಳಗಿನ ಮೊದಲ ಮೂತ್ರವನ್ನು ತೊಳೆದ ಗಾಜಿನ ಶೀಶೆಯಲ್ಲಿ ಹಿಡಿದು ತರಬೇಕೆಂದನು.

“ಸೊಸಿಗಿ ಹೇಳ್ತೀನ್ರಿ.”

“ನೀವೇ ಹಿಡೀರಿ ಯಜಮಾನ್ರ. ನಿಮ್ಮ ಕೈಗಿ ಅದು ಅಂಜೋದು ಬಿಡಬೇಕಲ್ರಿ.”