ಹೊಂದಿಕೆ, ಒಪ್ಪಿಗೆ, ಹೊಣೆ

1968ರಿಂದ 1970ರ ನಡುವೆ ಅಮೆರಿಕದ ಎಂಐಟಿಯಲ್ಲಿ ಟೆರಿ ವಿನೊಗ್ರಾಡ್ ಎಂಬ ಸಂಶೋಧನಾ ವಿದ್ಯಾರ್ಥಿ ಷರ್ಡ್ಲು ಎಂಬ ಪ್ರೋಗ್ರಾಮೊಂದನ್ನು ಕಟ್ಟಿದರು. ಅದರ ಲೋಕ ಬಹಳ ಚಿಕ್ಕದು. ಪರದೆಯ ಮೇಲೆ ಗೆರೆಗಳಲ್ಲಿ ಮೂಡಿದ ಒಂದು ಮೇಜು, ಅದರ ಮೇಲೆ ಬೇರೆ ಬೇರೆ ಬಣ್ಣದ ಬ್ಲಾಕುಗಳು, ಪಿರಮಿಡ್ಡುಗಳು, ಒಂದು ಪೆಟ್ಟಿಗೆ. ಸಾದಾ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹೇಳಿದರೆ ಅದು ದೊಡ್ಡ ಕೆಂಪು ಬ್ಲಾಕನ್ನು ಎತ್ತುತ್ತಿತ್ತು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಕಾರಣವನ್ನೂ ಕೊಡುತ್ತಿತ್ತು. ವಿನೊಗ್ರಾಡ್ ಪ್ರಕಟಿಸಿದ ಸಂಭಾಷಣೆಯಲ್ಲಿ ಮನುಷ್ಯ ಒಂದು ಕಡೆ ಪಿರಮಿಡ್ಡನ್ನು ಹಿಡಿದುಕೋ ಎನ್ನುತ್ತಾನೆ. ಮೇಜಿನ ಮೇಲೆ ಪಿರಮಿಡ್ಡುಗಳು ಒಂದಕ್ಕಿಂತ ಹೆಚ್ಚಿವೆ. ಯಂತ್ರ ಕೈಗೆ ಸಿಕ್ಕಿದ್ದನ್ನು ಹಿಡಿಯುವುದಿಲ್ಲ. ಯಾವ ಪಿರಮಿಡ್ಡು ಎಂಬುದು ತನಗೆ ತಿಳಿಯಲಿಲ್ಲ ಎನ್ನುತ್ತದೆ.

ಆ ಸಂಭಾಷಣೆಯನ್ನು ಓದಿದವರು ಸಾಮಾನ್ಯವಾಗಿ ಬೆರಗಾಗುವುದು ಯಂತ್ರ ಕೊಟ್ಟ ಸರಿಯುತ್ತರಗಳಿಗೆ. ಹೆಚ್ಚು ಯೋಚನೆಗೆ ಹಚ್ಚಬೇಕಾದದ್ದು ಈ ನಿಲುಗಡೆ. ಹೇಳಿದ್ದನ್ನು ಮಾಡಿಬಿಡುವುದಕ್ಕೂ, ಹೇಳಿದ್ದು ಸಾಲದು ಎಂದು ಕಂಡು ನಿಲ್ಲುವುದಕ್ಕೂ ನಡುವೆ ಇರುವ ಅಂತರವೇನು? ತಿಳಿವಳಿಕೆ ಎಂಬುದು ಇವೆರಡರಲ್ಲಿ ಯಾವುದಕ್ಕೆ ಸೇರಿದ್ದು?

ಈ ಪ್ರಶ್ನೆಯನ್ನು ಕಳೆದ ಎಪ್ಪತ್ತು ವರ್ಷಗಳಿಂದ ಎರಡು ಬಳಗದವರು ಬೇರೆ ಬೇರೆ ಸಭಾಂಗಣಗಳಲ್ಲಿ ಕೂತು ಚರ್ಚಿಸುತ್ತ ಬಂದಿದ್ದಾರೆ. ಒಂದು ಬಳಗ ಮನುಷ್ಯರ ಮಾತನ್ನು ಯಂತ್ರಕ್ಕೆ ತಿಳಿಸಲು ಹೊರಟವರದು. 1954ರ ಜನವರಿ 7ರಂದು ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ತಂದು ತೋರಿಸಿದವು. ಬಂಡವಾಳ 250 ಪದ, ಆರು ವ್ಯಾಕರಣ ನಿಯಮ. ಆ ದಿನದ ಉತ್ಸಾಹ 1966ರಲ್ಲಿ ಯಂತ್ರಾನುವಾದದ ಬಗ್ಗೆ ಆಲ್ಪಾಕ್ ಸಮಿತಿಯ ವರದಿ ಬರುವ ಹೊತ್ತಿಗೆ ಇಳಿದುಹೋಗಿತ್ತು. ಇನ್ನೊಂದು ಬಳಗದವರು ಮಾತಿನ ಗೊಡವೆಯೇ ಬೇಡ, ಚಿತ್ರದಲ್ಲೇ ಹೇಳೋಣ ಎಂದವರು. 1963ರಲ್ಲಿ ಐವನ್ ಸದರ್ಲೆಂಡ್ ಸ್ಕೆಚ್‌ಪ್ಯಾಡ್‌ನಲ್ಲಿ ಬೆಳಕಿನ ಪೆನ್ನಿನಿಂದ ಪರದೆಯ ಮೇಲೇ ಗೆರೆ ಎಳೆದು ತೋರಿಸಿದರು. 1984ರಲ್ಲಿ ಜಪಾನಿನ ಹಿರೋಷಿಮಾದಲ್ಲಿ ದೃಶ್ಯಭಾಷೆಗಳ ಬಗ್ಗೆ ಐಇಇಇ ಕಾರ್ಯಾಗಾರ ನಡೆಯಿತು. ಅಲ್ಲಿಂದ ಆ ಸಾಲು ಮುಂದುವರಿದಿದೆ.

ಈ ಇಬ್ಬರ ಮೇಜನ್ನೂ ಹತ್ತಿರದಿಂದ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಮಾತಿನವರ ಮೇಜಿನ ತುಂಬ ಚಿತ್ರಗಳಿವೆ. ‘ನಿನ್ನೆ ಬಂದ ಹುಡುಗನ ಅಪ್ಪ’ ಎಂಬ ನಾಲ್ಕು ಪದಗಳನ್ನು ಯಂತ್ರಕ್ಕೆ ಕಲಿಸಬೇಕಾದರೆ ಪದದಿಂದ ಪದಕ್ಕೆ ಬಾಣ ಎಳೆಯಬೇಕು. ‘ಬಂದ’ ಎಂಬಲ್ಲಿಂದ ಹೊರಟ ಬಾಣ ಹುಡುಗನ ಮೇಲೆ ಬೀಳಬೇಕೋ, ಅಪ್ಪನ ಮೇಲೋ? ನಿನ್ನೆ ಬಂದವನು ಮಗನಾದರೆ ಒಂದು ಚಿತ್ರ, ಅಪ್ಪನಾದರೆ ಇನ್ನೊಂದು. ಆಡುವವನಿಗೆ ಇದು ಸಂದೇಹವೆಂದೇ ಅನಿಸಿರುವುದಿಲ್ಲ. ಬಾಣ ಎಳೆಯಲು ಕೂತವನಿಗೆ ಮಾತ್ರ ಪೆನ್ಸಿಲ್ಲು ನಿಲ್ಲುತ್ತದೆ. ಇತ್ತ ಚಿತ್ರದವರು ಪ್ರೋಗ್ರಾಮ್ ಕಟ್ಟಲು ಜೋಡಿಸುವ ಬ್ಲಾಕುಗಳನ್ನು ನೋಡಿದರೆ ಪ್ರತಿಯೊಂದರ ಮೈಮೇಲೂ ಮಾತು ಬರೆದಿದೆ. ಮಾತನ್ನು ಬಿಟ್ಟ ಚಿತ್ರವೂ, ಚಿತ್ರವನ್ನು ಬಿಟ್ಟ ಮಾತೂ ಇಬ್ಬರಿಗೂ ಕೈಗೂಡಿಲ್ಲ.

2007ರಲ್ಲಿ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ಬಳಗ ಹೊರತಂದ ಸ್ಕ್ರಾಚ್ ಇಂಥ ಬ್ಲಾಕುಗಳ ಭಾಷೆ. ಶಾಲೆಯ ಮಕ್ಕಳು ಬಣ್ಣದ ಬ್ಲಾಕುಗಳನ್ನು ಒಂದರ ಕೆಳಗೊಂದು ಜೋಡಿಸಿ ಪರದೆಯ ಬೆಕ್ಕನ್ನು ನಡೆಸುತ್ತಾರೆ. ಅಲ್ಪವಿರಾಮ ತಪ್ಪಿ ಪ್ರೋಗ್ರಾಮ್ ನಿಂತುಹೋಗುವ ಕಾಟ ಅಲ್ಲಿಲ್ಲ. ಹೊಂದದ ಬ್ಲಾಕು ಅಂಟುವುದೇ ಇಲ್ಲ. ಇದನ್ನು ನೋಡುವಾಗ ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕದ ಮೊದಲ ಪುಸ್ತಕವಾಗಿ ಹೇಳಿಕೊಡುತ್ತಿದ್ದ ಅನ್ನಂಭಟ್ಟನ ತರ್ಕಸಂಗ್ರಹ ನೆನಪಾಗುತ್ತದೆ. ಬಿಡಿ ಪದಗಳಿಂದ ವಾಕ್ಯಾರ್ಥ ಹೊರಡಬೇಕಾದರೆ ಮೂರು ಬೇಕು ಎನ್ನುತ್ತದೆ ಅದು: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಹಸು, ಕುದುರೆ, ಮನುಷ್ಯ, ಆನೆ ಎಂದು ಸುಮ್ಮನೆ ಹೆಸರು ಹೇಳುತ್ತ ಹೋದರೆ ಒಂದು ಪದ ಇನ್ನೊಂದನ್ನು ಬೇಡುವುದಿಲ್ಲ, ಅಲ್ಲಿ ಆಕಾಂಕ್ಷೆಯಿಲ್ಲ. ಬೆಂಕಿಯಿಂದ ಗಿಡಕ್ಕೆ ನೀರೆರೆ ಎಂದಂತೆ ಹೇಳಿದರೆ ವ್ಯಾಕರಣ ಸರಿಯಿದ್ದರೂ ಯೋಗ್ಯತೆಯಿಲ್ಲ. ಒಂದು ಪದ ಈಗ ಹೇಳಿ ಮುಂದಿನದನ್ನು ಜಾವ ಕಳೆದ ಮೇಲೆ ಹೇಳಿದರೆ ಸನ್ನಿಧಿಯಿಲ್ಲ.

ಸ್ಕ್ರಾಚಿನ ಬ್ಲಾಕುಗಳಲ್ಲಿ ಈ ಮೂರಕ್ಕೂ ಕಣ್ಣಿಗೆ ಕಾಣುವ ಆಕಾರ ಬಂದಿದೆ. ಬ್ಲಾಕಿನ ನಡುವೆ ಖಾಲಿ ಬಿಟ್ಟ ಗೂಡು ಆಕಾಂಕ್ಷೆ. ಹೌದು-ಅಲ್ಲ ಎಂಬ ಉತ್ತರವನ್ನು ಬೇಡುವ ಗೂಡಿಗೆ ಆರು ಮೂಲೆ. ದುಂಡು ಅಂಚಿನ ಬ್ಲಾಕು ಅದರೊಳಗೆ ಕೂರದು, ಇದು ಯೋಗ್ಯತೆ. ಹತ್ತಿರ ತಂದರೆ ಟಕ್ಕನೆ ಅಂಟಿಕೊಳ್ಳುವುದು ಸನ್ನಿಧಿ. ದೂರ ಬಿಟ್ಟ ಬ್ಲಾಕು ಪರದೆಯ ಮೇಲಿದ್ದರೂ ಸಾಲಿಗೆ ಸೇರದು.

ಇಷ್ಟಾದರೆ ಅರ್ಥ ಸಿಕ್ಕಿತೇ? ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ನೋಡುವವರಿಗೆ ಬೆಕ್ಕು ಒಂದು ಪ್ರಶ್ನೆ ಕೇಳಿ ಉತ್ತರ ಬರುವತನಕ ಕಾಯುವಂಥ ಬ್ಲಾಕು ಇದೆ. ಬಂದ ಉತ್ತರವನ್ನು ಹಿಡಿದಿಡುವ ದುಂಡು ಬ್ಲಾಕನ್ನು ‘ಇಷ್ಟು ಹೆಜ್ಜೆ ನಡೆ’ ಎಂಬ ಬ್ಲಾಕಿನ ಗೂಡಿನಲ್ಲಿ ಇಡಿ. ಸಲೀಸಾಗಿ ಕೂರುತ್ತದೆ. ಈಗ ಎಷ್ಟು ಹೆಜ್ಜೆ ಎಂದು ಬೆಕ್ಕು ಕೇಳಿದಾಗ ‘ಮಾವಿನಹಣ್ಣು’ ಎಂದು ಬರೆಯಿರಿ. ದೂರು ಬರುವುದಿಲ್ಲ, ಕೆಂಪು ಗೆರೆ ಮೂಡುವುದಿಲ್ಲ. ಸ್ಕ್ರಾಚ್ ಮಾವಿನಹಣ್ಣನ್ನು ಸೊನ್ನೆ ಎಂದು ತೆಗೆದುಕೊಳ್ಳುತ್ತದೆ, ಬೆಕ್ಕು ಇದ್ದಲ್ಲೇ ಇರುತ್ತದೆ. ಆಕಾರದ ಹೊಂದಿಕೆ ಪೂರ್ತಿಯಿದೆ. ಯೋಗ್ಯತೆ ಬಾಗಿಲಲ್ಲಿ ಪರೀಕ್ಷೆ ಮುಗಿಸಿ ಒಳಗೆ ಬಂದ ಮೇಲೆ ಜಾರಿಹೋಗಿದೆ. ಮಗುವಿಗೆ ಆಗ ಕಾಣುವುದು ತಪ್ಪೂ ಅಲ್ಲ, ಉತ್ತರವೂ ಅಲ್ಲ, ಬರಿಯ ಸುಮ್ಮನಿರುವಿಕೆ. ಮಕ್ಕಳು ಹೆದರಬಾರದೆಂಬ ಸದುದ್ದೇಶದಿಂದ ಮಾಡಿದ ಏರ್ಪಾಡು ಇದು. ಆದರೆ ತಡೆ ಇರಬೇಕಾದಲ್ಲಿ ತಡೆಯನ್ನು ತೆಗೆದರೆ ತಿಳಿಯುವ ದಾರಿಯೂ ಅಷ್ಟು ಮುಚ್ಚುತ್ತದೆ.

ಇನ್ನೊಂದು ದಿಕ್ಕಿನಿಂದ ಸಂಶೋಧಕರಾದ ಜಾನ್ ಪೇನ್ ಮತ್ತು ಬ್ರಾಡ್ ಮಯರ್ಸ್ ಈ ಸಮಸ್ಯೆಯ ಹತ್ತಿರ ಬಂದರು. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಐದನೇ ತರಗತಿಯ ಮಕ್ಕಳಿಗೆ ಪ್ಯಾಕ್‌ಮ್ಯಾನ್ ಆಟದ ದೃಶ್ಯಗಳನ್ನು ತೋರಿಸಿ, ಇದನ್ನು ಕಂಪ್ಯೂಟರಿಗೆ ಹೇಗೆ ಹೇಳುತ್ತೀರಿ ಎಂದು ಕೇಳಿದರು. ಮಾತಿನಲ್ಲಿ ಬರೆಯಬಹುದು, ಚಿತ್ರದಲ್ಲಿ ತೋರಿಸಬಹುದು. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮಕ್ಕಳು ಹೆಚ್ಚಾಗಿ ಹೇಳಿದ್ದು ‘ಹೀಗಾದಾಗ ಹಾಗಾಗಬೇಕು’ ಎಂಬ ರೀತಿಯಲ್ಲಿ. ಒಂದೊಂದೇ ಚುಕ್ಕೆಯನ್ನು ಲೆಕ್ಕಹಾಕುತ್ತ ಸುತ್ತು ಹೊಡೆಯುವ ಗೋಜಿಗೆ ಅವರು ಹೋಗಲಿಲ್ಲ. ಎಲ್ಲವನ್ನೂ ಒಟ್ಟಿಗೆ ಹಿಡಿದು ಮಾತಾಡಿದರು. ಮುಖ್ಯವಾದ ಸಂಗತಿಯೆಂದರೆ, ಅವರು ಹೇಳದೆ ಬಿಟ್ಟದ್ದೂ ಇತ್ತು. ಎದುರಿಗೆ ಕೇಳುವವನಿದ್ದಾನೆ, ಅವನಿಗೂ ಈ ಆಟ ಗೊತ್ತು ಎಂಬ ನಂಬಿಕೆಯಲ್ಲೇ ಮಗು ಮಾತಾಡುತ್ತದೆ. ದೊಡ್ಡವರ ಮಾತೂ ಹಾಗೆಯೇ.

ಹೇಳದೆ ಬಿಟ್ಟದ್ದಕ್ಕೆ ನೈಯಾಯಿಕರಲ್ಲಿ, ಅಂದರೆ ನ್ಯಾಯದರ್ಶನದ ತಾರ್ಕಿಕರಲ್ಲಿ, ಕೆಲವರು ನಾಲ್ಕನೆಯ ಸ್ಥಾನ ಕೊಟ್ಟರು: ತಾತ್ಪರ್ಯ, ಅಂದರೆ ಆಡಿದವನ ಇಂಗಿತ. ಸೈಂಧವ ತಾ ಎಂದರೆ ಉಪ್ಪೂ ಆಗಬಹುದು, ಕುದುರೆಯೂ ಆಗಬಹುದು. ಊಟಕ್ಕೆ ಕೂತವನು ಹೇಳಿದರೆ ಉಪ್ಪು ತರಬೇಕು, ಹೊರಡಲು ನಿಂತವನು ಹೇಳಿದರೆ ಕುದುರೆ. ಬ್ಲಾಕಿಗೆ ಮೂಲೆ ಕೊಡಬಹುದು, ಅಂಚು ಕೊಡಬಹುದು. ತಾತ್ಪರ್ಯಕ್ಕೆ ಆಕಾರ ಕೊಡುವವರು ಇನ್ನೂ ಹುಟ್ಟಿಲ್ಲ.

ಇದರ ತೊಡಕು ಕನ್ನಡದಲ್ಲಿ ಹೇಗಿರುತ್ತದೆ ಎಂಬುದು 2021ರ ಏಪ್ರಿಲ್‌ನಲ್ಲಿ ಇಎಸಿಎಲ್ ಎಂಬ ಗಣಕ ಭಾಷಾವಿಜ್ಞಾನ ಸಮ್ಮೇಳನದ ಜೊತೆ ಆನ್‌ಲೈನಿನಲ್ಲಿ ನಡೆದ ದ್ರಾವಿಡ ಭಾಷಾ ತಂತ್ರಜ್ಞಾನದ ಮೊದಲ ಕಾರ್ಯಾಗಾರದಲ್ಲಿ ಎದುರಿಗೆ ಬಂತು. ತಮಿಳು, ಮಲಯಾಳಂ, ಕನ್ನಡಗಳ ಯೂಟ್ಯೂಬ್ ಪ್ರತಿಕ್ರಿಯೆಗಳಲ್ಲಿ ನಿಂದನೆಯನ್ನು ಗುರುತಿಸುವುದು ಅಲ್ಲಿ ಕೊಟ್ಟ ಕೆಲಸಗಳಲ್ಲಿ ಒಂದು. ಪ್ರತಿಕ್ರಿಯೆಗಳ ಭಾಷೆ ಪಠ್ಯಪುಸ್ತಕದ್ದಲ್ಲ. ಕನ್ನಡಕ್ಕೆ ಇಂಗ್ಲಿಷು ಬೆರೆತಿರುತ್ತದೆ, ಎಷ್ಟೋ ಸಲ ಕನ್ನಡವೇ ಇಂಗ್ಲಿಷ್ ಲಿಪಿಯಲ್ಲಿರುತ್ತದೆ. ಯಂತ್ರಕ್ಕೆ ಕಲಿಸುವ ಮುನ್ನ ಮನುಷ್ಯರು ಒಂದೊಂದನ್ನೂ ಓದಿ ಗುರುತು ಹಾಕಬೇಕು: ನಿಂದನೆಯಿಲ್ಲ, ಗುರಿಯಿಲ್ಲದ ಬೈಗುಳ, ವ್ಯಕ್ತಿಯನ್ನು ಗುರಿಯಾಗಿಸಿದ್ದು, ಗುಂಪನ್ನು ಗುರಿಯಾಗಿಸಿದ್ದು, ಹೀಗೆ.

ಒಂದು ಸಾಲನ್ನು ಊಹಿಸಿಕೊಳ್ಳೋಣ. ‘ಏನ್ ಗುರು, ಬೆಂಕಿ ಹಚ್ಚಿಬಿಟ್ಟೆ!’ ಸಿನಿಮಾ ಟ್ರೇಲರಿನ ಕೆಳಗಿದ್ದರೆ ಇದು ಶಿಳ್ಳೆ ಹೊಡೆದಷ್ಟೇ ಮೆಚ್ಚುಗೆ. ಎರಡು ಊರುಗಳ ಜಗಳದ ಸುದ್ದಿಯ ಕೆಳಗಿದ್ದರೆ ಆರೋಪ. ಬೆಂಗಳೂರಿನ ಕಾಲೇಜು ಹುಡುಗ ನಕ್ಕು ಮುಂದೆ ಹೋಗುತ್ತಾನೆ. ಅರವತ್ತು ದಾಟಿದ ಮೇಷ್ಟರು ಕನ್ನಡಕ ಸರಿಮಾಡಿಕೊಂಡು ಮತ್ತೆ ಓದುತ್ತಾರೆ. ಇಬ್ಬರಿಗೂ ಕನ್ನಡ ಚೆನ್ನಾಗಿ ಬರುತ್ತದೆ. ಹಾಗಿದ್ದೂ ಅವರ ಗುರುತುಗಳು ಬೇರೆಯಾಗುತ್ತವೆ.

ಇಂಥ ಒಪ್ಪಿಗೆಯನ್ನು ಅಳೆಯಲು 1960ರಲ್ಲಿ ಜೇಕಬ್ ಕೋಹೆನ್ ಕೊಟ್ಟ ಕಪ್ಪಾ ಎಂಬ ಅಳತೆಯಿದೆ. ಇಬ್ಬರು ಕಣ್ಣುಮುಚ್ಚಿ ಗುರುತು ಹಾಕಿದರೂ ಕೆಲವು ಕಡೆ ಒಮ್ಮತ ಬಂದೇ ಬರುತ್ತದೆ; ಆ ಆಕಸ್ಮಿಕವನ್ನು ಕಳೆದು ಉಳಿದ ಒಪ್ಪಿಗೆ ಎಷ್ಟೆಂದು ಅದು ಹೇಳುತ್ತದೆ. ಅಳತೆ ಒಳ್ಳೆಯದೇ. ಆದರೆ ಬಹುಕಾಲ ಅದರ ಹಿಂದೆ ಒಂದು ನಂಬಿಕೆ ಮಾತಿಲ್ಲದೆ ನಿಂತಿತ್ತು: ಪ್ರತಿ ವಾಕ್ಯಕ್ಕೂ ಒಂದೇ ಸರಿಯುತ್ತರವಿದೆ, ಭಿನ್ನವಾಗಿ ಓದಿದವನು ತಪ್ಪಿದ್ದಾನೆ. ಮೂವರಲ್ಲಿ ಇಬ್ಬರು ಹೇಳಿದ್ದು ಉಳಿಯುತ್ತಿತ್ತು, ಮೂರನೆಯವನದು ಅಳಿಯುತ್ತಿತ್ತು. ಈ ರೂಢಿಯನ್ನು ಪ್ರಶ್ನಿಸುವುದಕ್ಕೆಂದೇ 2022ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ, ಭಾಷಾ ಸಂಪನ್ಮೂಲಗಳ ಎಲ್‌ಆರ್‌ಇಸಿ ಸಮ್ಮೇಳನದ ಜೊತೆಗೆ, ದೃಷ್ಟಿಭೇದಗಳ ಬಗ್ಗೆ ಒಂದು ಕಾರ್ಯಾಗಾರ ಶುರುವಾಯಿತು. ಒಪ್ಪದವರ ಗುರುತುಗಳನ್ನು ಕಸವೆಂದು ಗುಡಿಸದೆ ಇಟ್ಟುಕೊಳ್ಳೋಣ, ಯಂತ್ರ ಅವನ್ನೂ ಕಲಿಯಲಿ ಎಂಬುದು ಅಲ್ಲಿ ಸೇರಿದವರ ವಾದ. ಕಾರ್ಯಾಗಾರ ಎಂಬ ಪುಟ್ಟ ಸಭೆಯ ಬೆಲೆ ನನಗೆ ಇಲ್ಲಿ ಕಾಣುತ್ತದೆ. ಮುಗಿದ ಕೆಲಸವನ್ನು ಮಂಡಿಸುವ ದೊಡ್ಡ ಸಮ್ಮೇಳನದಲ್ಲಿ ಮೂರನೆಯವನ ಓದಿಗೆ ಜಾಗ ಸಿಗುವುದು ಕಷ್ಟ. ಇಪ್ಪತ್ತು ಮೂವತ್ತು ಜನ ಒಂದೇ ಸಾಲನ್ನು ಮುಂದಿಟ್ಟುಕೊಂಡು ಹಟ ಹಿಡಿದು ಕೂತಾಗ ಮಾತ್ರ ಅವನಿಗೂ ಒಂದು ಕಾರಣವಿತ್ತು ಎಂಬುದು ಹೊರಬೀಳುತ್ತದೆ.

ಈಗ ಕಾಲ ಬದಲಾಗಿದೆ. ದೊಡ್ಡ ಭಾಷಾ ಮಾದರಿಗಳಿಗೆ ‘ನನಗೊಂದು ಹಾವು-ಏಣಿ ಆಟ ಮಾಡಿಕೊಡು’ ಎಂದು ಕನ್ನಡದಲ್ಲೇ ಹೇಳಿದರೆ ಸಾಕು, ಪ್ರೋಗ್ರಾಮ್ ಬರುತ್ತದೆ. ಬ್ಲಾಕೂ ಬೇಡ, ಬಾಣವೂ ಬೇಡ. ಎರಡು ಬಳಗಗಳ ಕನಸೂ ಒಟ್ಟಿಗೆ ಕೈಗೂಡಿದಂತಿದೆ. ಹಾಗಿದ್ದೂ 1978ರಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಸಹಜ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಆಸೆಯನ್ನೇ ಹುಚ್ಚುತನವೆಂದು ಕರೆದು ಬರೆದ ಟಿಪ್ಪಣಿಯನ್ನು ತಳ್ಳಿಹಾಕುವಂತಿಲ್ಲ. ಅವರ ವಾದದ ಸಾರ ಇಷ್ಟು: ಗಣಿತದ ಬಿಗಿಯಾದ ಸಂಕೇತಗಳನ್ನು ನಾವು ಹೊರೆಯೆಂದು ತಿಳಿಯುತ್ತೇವೆ, ವಾಸ್ತವದಲ್ಲಿ ಅವು ಅಸಂಬದ್ಧ ಮಾತು ಆಡದಂತೆ ನಮ್ಮನ್ನು ಕಾಯುವ ಅನುಕೂಲ. ಎಲ್ಲವನ್ನೂ ಸ್ವೀಕರಿಸುವ ಕಿವಿಗೆ ನಾವು ಏನು ಹೇಳಿದೆವು ಎಂಬುದನ್ನು ನಾವೇ ಪರೀಕ್ಷಿಸಿಕೊಳ್ಳುವ ಸಂದರ್ಭ ತಪ್ಪುತ್ತದೆ.

ಈ ಮಾದರಿಗಳು ಮರುಪ್ರಶ್ನೆ ಕೇಳಲಾರವು ಎಂದೇನಿಲ್ಲ. ಕೇಳು ಎಂದರೆ ಕೇಳುತ್ತವೆ. ತಡೆ ಇರುವುದು ಬಹುಶಃ ನಮ್ಮಲ್ಲಿ. ಮರಳಿ ಕೇಳುವವರನ್ನು ನಾವು ಎಲ್ಲಿ ಸಹಿಸಿದ್ದೇವೆ? ‘ಯಾವುದು ಸಾರ್?’ ಎಂದ ಹುಡುಗನಿಗೆ ತರಗತಿಯಲ್ಲಿ ಸಿಗುವ ಉತ್ತರ ‘ಗಮನ ಎಲ್ಲಿತ್ತು?’ ಎಂಬುದು. ಮನೆಯಲ್ಲಿ ಅದಕ್ಕೆ ಎದುರುತ್ತರ ಎಂಬ ಹೆಸರು. ಕಚೇರಿಯಲ್ಲಿ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವನು ಚುರುಕು, ಎರಡು ಸಲ ಕೇಳಿದವನು ಮಂದ. ಅದೇ ರೂಢಿಯ ಮನಸ್ಸು ಯಂತ್ರದಿಂದಲೂ ತಕ್ಷಣದ ಒಪ್ಪಿಗೆಯನ್ನೇ ಬಯಸುತ್ತದೆ. ಮಾಡುವವರೂ ಬಯಸಿದ್ದನ್ನು ಮಾಡಿಕೊಡುತ್ತಾರೆ.

ವಿನೊಗ್ರಾಡ್ ಅವರ ಮುಂದಿನ ದಾರಿ ಇಲ್ಲಿ ಬೆಳಕು ಕೊಡುತ್ತದೆ. 1986ರಲ್ಲಿ ಫರ್ನಾಂಡೋ ಫ್ಲೋರೆಸ್ ಜೊತೆ ಬರೆದ ಪುಸ್ತಕದಲ್ಲಿ ಅವರು ತಮ್ಮ ಹಳೆಯ ನಂಬಿಕೆಯಿಂದ ದೂರ ಸರಿದಿದ್ದರು. ಮಾತು ಎಂದರೆ ಒಂದು ತಲೆಯಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ಕೆಲಸವಷ್ಟೇ ಎಂಬ ಎಣಿಕೆ ಅವರಿಗೆ ಸಾಲದಾಗಿತ್ತು. ಮಾತಾಡುವವನು ಏನನ್ನೋ ವಹಿಸಿಕೊಳ್ಳುತ್ತಾನೆ, ಮಾತು ಕೊಡುತ್ತಾನೆ; ನಾಳೆ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಹೀಗೆ ನೋಡಿದರೆ ಮರಳಿ ಕೇಳುವುದರ ಬೇರು ಜಾಣತನದಲ್ಲಿಲ್ಲ, ಹೊಣೆಯಲ್ಲಿದೆ. ಅಂಗಡಿಯವನು ‘ಯಾವ ಅಕ್ಕಿ?’ ಎಂದು ಕೇಳುವುದು ತಪ್ಪು ಅಕ್ಕಿ ಕೊಟ್ಟರೆ ಗಿರಾಕಿ ನಾಳೆ ಮತ್ತೆ ಬಂದು ನಿಲ್ಲುತ್ತಾನೆಂದು.

ಬ್ಲಾಕುಗಳ ಹೊಂದಿಕೆ, ಗುರುತು ಹಾಕುವವರ ಒಪ್ಪಿಗೆ ಎರಡೂ ಬೇಕಾದವೇ. ಆದರೆ ಅರ್ಥ ಅವುಗಳಲ್ಲಿ ಮುಗಿಯುವುದಿಲ್ಲ. ಯಂತ್ರ ನಿಂದನೆಯೆಂದು ಅಳಿಸಿದ ಕನ್ನಡದ ಒಂದು ಸಾಲನ್ನು ಬರೆದವನು ಯಾಕೆ ಅಳಿಸಿದಿರಿ ಎಂದು ಕೇಳಿದಾಗ, ಅವನೆದುರು ಕೂತು ಕಾರಣ ಹೇಳುವ ಒಬ್ಬ ಮನುಷ್ಯ ಇರಬೇಕು. ಆ ಮನುಷ್ಯನ ಕೈಗೆ ಸಿಗುವಂತೆ ಮೂರನೆಯವನ ಗುರುತೂ ಕಡತದಲ್ಲಿ ಉಳಿದಿರಬೇಕು. ಕಾರ್ಯಾಗಾರಗಳಿಂದ ಕನ್ನಡಕ್ಕೆ ಬರುವ ಸಲಕರಣೆಗಳು ಎಷ್ಟು ಚುರುಕಾಗಿವೆ ಎಂದು ಕೇಳುವ ಮೊದಲು, ಅವುಗಳ ಪರವಾಗಿ ಉತ್ತರ ಹೇಳುವವರು ಯಾರು ಎಂದು ನಾವು ಕೇಳಬೇಕು.