ನಡೆಯುವವರ ಪೇಟೆ

ಧಾರವಾಡದ ಲೈನ್ ಬಜಾರಿನಲ್ಲಿ ಬಾಬುಸಿಂಗ್ ಠಾಕೂರ್ ಪೇಡಾ ಅಂಗಡಿಯ ಮುಂದೆ ಜನ ಇಂದಿಗೂ ಪಾಳಿ ಹಚ್ಚಿ ನಿಲ್ಲುತ್ತಾರೆ. ಮಿಶ್ರಾ ಪೇಡಾದ್ದು ಬೇರೆ ನಡೆ. ಬಸ್ ನಿಲ್ದಾಣ, ಹೆದ್ದಾರಿ, ಪರವೂರಿನ ಪೇಟೆ ಎಂದು ಗಿರಾಕಿ ಓಡಾಡುವಲ್ಲೆಲ್ಲ ಅದು ಮಳಿಗೆ ತೆರೆಯುತ್ತ ಹೋಯಿತು. ಎರಡೂ ಚೆನ್ನಾಗಿ ಬಾಳುತ್ತಿವೆ. ಆದರೆ ಊರಿನ ಎಲ್ಲ ಅಂಗಡಿಗಳಿಗೂ ಈ ಭಾಗ್ಯವಿಲ್ಲ. ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ಸೈಕಲ್ ರಿಪೇರಿಯವನು, ಸಂಜೆ ಗಿರಮಿಟ್ ಮಿರ್ಚಿ ಮಾರುವ ಗಾಡಿ, ಇವರ ಹೆಸರು ತಮ್ಮ ಓಣಿಯನ್ನು ದಾಟುವುದಿಲ್ಲ. ಶಾಖೆ ತೆರೆಯಲು ಬಂಡವಾಳವೂ ಇರುವುದಿಲ್ಲ. ಎದುರಿನ ದಾರಿಯಲ್ಲಿ ದಿನಕ್ಕೆ ಎಷ್ಟು ಜನ ನಿಧಾನವಾಗಿ ಹಾದುಹೋಗುತ್ತಾರೆ ಎಂಬುದರ ಮೇಲೆ ಇವರ ಮನೆಯ ಒಲೆ ಉರಿಯುತ್ತದೆ.

ಈ ದಾರಿಯೇ ಬದಲಾಗಿದೆ. 2018ರ ಅಕ್ಟೋಬರಿನಲ್ಲಿ ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸುಗಳು ಪ್ರಾಯೋಗಿಕವಾಗಿ ಓಡತೊಡಗಿದವು. ಸುಮಾರು 22 ಕಿಲೋಮೀಟರು ದೂರ, ನಡುರಸ್ತೆಯಲ್ಲಿ ಬಸ್ಸಿಗೇ ಮೀಸಲಾದ ಪಥ, ಎತ್ತರದ ನಿಲ್ದಾಣ, ತಣ್ಣನೆಯ ಗಾಳಿ. ಕಾಲೇಜು ಹುಡುಗರಿಗೆ, ಕಿಮ್ಸ್ ಆಸ್ಪತ್ರೆಗೆ ಹೋಗುವವರಿಗೆ, ಎರಡೂ ಊರಲ್ಲಿ ಕೆಲಸವಿರುವವರಿಗೆ ಅದರಿಂದ ಆದ ಅನುಕೂಲ ಸಣ್ಣದಲ್ಲ. ಆ ಬಸ್ಸು ಬೇಕು. ಆದರೆ ಅದಕ್ಕಾಗಿ ಅಗಲಗೊಂಡ ರಸ್ತೆ ಈಚೆ ಬದಿಯ ಅಂಗಡಿಯನ್ನು ಆಚೆ ಬದಿಯ ಮನೆಗಳಿಂದ ಕಡಿದುಬಿಟ್ಟಿತು. ನಡುವೆ ಬಸ್ಸಿನ ಪಥ, ಇಕ್ಕೆಲಗಳಲ್ಲಿ ಕಾರು ಲಾರಿ ಬೈಕುಗಳ ಪಥ. ಎದುರಿಗೇ ಕಾಣುವ ಔಷಧಿ ಅಂಗಡಿಗೆ ಹೋಗಲು ವಯಸ್ಸಾದವರು ಜೀವ ಕೈಯಲ್ಲಿ ಹಿಡಿದು ದಾಟಬೇಕು. ಹೀಗೆ ದಾಟುವುದು ಕಷ್ಟವಾದ ಮೇಲೆ ಯಾರೂ ದಾಟುವುದಿಲ್ಲ. ಮಗನಿಗೆ ಹೇಳಿ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ. ಸಣ್ಣ ಅಂಗಡಿಯ ವ್ಯಾಪಾರ ಇಳಿದದ್ದಕ್ಕೆ ಆನ್‌ಲೈನ್ ಮಾರಾಟವೊಂದನ್ನೇ ದೂರುತ್ತೇವೆ. ಅದಕ್ಕೆ ಗಿರಾಕಿಯನ್ನು ಒಪ್ಪಿಸಿಕೊಟ್ಟದ್ದರಲ್ಲಿ ರಸ್ತೆಯ ಪಾಲೂ ಇದೆ.

ಪೇಟೆಯ ಒಳಗೆ ಬನ್ನಿ. ಸುಭಾಷ್ ರಸ್ತೆ, ಟಿಕಾರೆ ರಸ್ತೆ, ಸೂಪರ್ ಮಾರ್ಕೆಟ್ ಇವೆಲ್ಲ ಕಾಲ್ನಡಿಗೆಯ ಕಾಲದಲ್ಲಿ ಬೆಳೆದ ಜಾಗಗಳು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟ ಇರುವುದು ಇದೇ ಸುಭಾಷ್ ರಸ್ತೆಯಲ್ಲಿ. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಆ ಅಟ್ಟ ಹತ್ತಿ ಹರಟಿದ್ದು, ಅಲ್ಲಿಂದ ಕನ್ನಡಕ್ಕೆ ಪುಸ್ತಕಗಳು ಬಂದದ್ದು ಎಲ್ಲರಿಗೂ ಗೊತ್ತು. ಆ ಅಟ್ಟ ಊರ ಹೊರಗಿನ ಯಾವುದೋ ಬಡಾವಣೆಯಲ್ಲಿದ್ದಿದ್ದರೆ ಅಷ್ಟು ಜನ ಸುಮ್ಮನೆ ಹಾದುಹೋಗುವಾಗ ಹತ್ತಿ ಬರುತ್ತಿದ್ದರೇ? ಕಾಯಿಪಲ್ಲೆ ಕೊಳ್ಳಲು ಬಂದವರಿಗೆ ಪುಸ್ತಕದಂಗಡಿ ಕಾಣುವುದು, ಪುಸ್ತಕಕ್ಕೆ ಬಂದವರು ಚಹಾ ಕುಡಿಯಲು ನಿಲ್ಲುವುದು, ಚಹಾದಂಗಡಿಯಲ್ಲಿ ಹಳೆಯ ಮಾಸ್ತರರು ಸಿಗುವುದು, ಇದೆಲ್ಲ ನಡೆಯುವವರ ಪೇಟೆಯಲ್ಲಿ ಮಾತ್ರ ಸಾಧ್ಯ. ಈಗ ಅದೇ ರಸ್ತೆಗಳ ಅಂಚಿನಲ್ಲಿ ಬೈಕುಗಳು ಒತ್ತೊತ್ತಾಗಿ ನಿಂತಿರುತ್ತವೆ. ನಡೆಯುವವರು ವಾಹನಗಳ ನಡುವೆಯೇ ದಾರಿ ಮಾಡಿಕೊಳ್ಳಬೇಕು. ಕೈಯಲ್ಲಿ ಮಗುವಿದ್ದ ತಾಯಿಗೆ ಅಲ್ಲಿ ಒಂದು ಕ್ಷಣ ನಿಂತು ಅಂಗಡಿಯ ಕಡೆ ನೋಡುವುದೂ ಆಗದು.

ಗಿರಣಿಯ ಮಾತಿಗೆ ಮರಳುತ್ತೇನೆ, ಏಕೆಂದರೆ ಓಣಿ ಬದಲಾಗುವುದು ಮೊದಲು ತಿಳಿಯುವುದು ಅಲ್ಲಿಯೇ. ಜೋಳದ ಡಬ್ಬಿ ಹೊತ್ತು ಬಂದ ಹೆಣ್ಣುಮಕ್ಕಳು ಪಾಳಿ ಬರುವ ತನಕ ಅಲ್ಲೇ ಕೂಡುತ್ತಿದ್ದರು. ಯಾರ ಮನೆಯಲ್ಲಿ ಬಾಣಂತಿ, ಯಾರ ಮಗಳಿಗೆ ವರ ನೋಡುತ್ತಿದ್ದಾರೆ ಎಂಬ ಸುದ್ದಿಯೆಲ್ಲ ಹಿಟ್ಟಿನ ಜೊತೆ ಮನೆಗೆ ಹೋಗುತ್ತಿತ್ತು. ಪಕ್ಕದ ಕಿರಾಣಿ ಅಂಗಡಿಯಲ್ಲಿ ಉದ್ರಿ ಇತ್ತು. "ಇರ್ಲಿ ಬಿಡ್ರೀ ಅಕ್ಕಾರ, ಪಗಾರ ಆದಮ್ಯಾಲೆ ಕೊಡ್ರೀ" ಎನ್ನುವ ಒಂದು ಮಾತಿನಿಂದ ತಿಂಗಳ ಕೊನೆಯ ವಾರ ದಾಟಿದ ಮನೆಗಳು ಎಷ್ಟೋ. ಮುಖ ಕಂಡವರಿಗೆ ಮಾತ್ರ ಉದ್ರಿ ಹುಟ್ಟುತ್ತದೆ, ದಿನವೂ ಆ ದಾರಿಯಲ್ಲಿ ನಡೆದವರ ಮುಖ ಮಾತ್ರ ಪರಿಚಯವಾಗುತ್ತದೆ. ಪ್ಯಾಕೆಟ್ ಹಿಟ್ಟು ಮನೆಬಾಗಿಲಿಗೆ ಬರುವುದರಲ್ಲಿ ಸುಖವಿದೆ, ಒಪ್ಪುತ್ತೇನೆ. ಆದರೆ ಕೈಯಲ್ಲಿ ದುಡ್ಡಿಲ್ಲದ ದಿನ ಅದು ಬರುವುದಿಲ್ಲ.

ಬಸ್ಸಿನ ವಿಷಯವೂ ಇಲ್ಲಿಗೇ ಸೇರುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ದುಡ್ಡಿಲ್ಲದೆ ಪೇಟೆಗೆ ಬರುವಂತಾಯಿತು. ಚಿಗರಿಯಂಥ ಹವಾನಿಯಂತ್ರಿತ ಬಸ್ಸುಗಳಿಗೆ ಆ ಯೋಜನೆ ಅನ್ವಯಿಸುವುದಿಲ್ಲ. ಆದ್ದರಿಂದ ಸೊಪ್ಪಿನ ಬುಟ್ಟಿ ಹೊತ್ತು ಸುತ್ತಲ ಹಳ್ಳಿಗಳಿಂದ ಬರುವವರಿಗೆ, ಕೆಲಗೇರಿ, ಹೊಸಯಲ್ಲಾಪುರ, ಮಾಳಮಡ್ಡಿಯ ಒಳದಾರಿಗಳಲ್ಲಿ ಇರುವವರಿಗೆ ಆ ಹಳೆಯ ಸಾಮಾನ್ಯ ಬಸ್ಸೇ ಆಧಾರ. ಊರು ಊರನ್ನು ಜೋಡಿಸುವ ವೇಗದ ಬಸ್ಸಿಗೆ ಸಿಕ್ಕ ಗಮನ, ಓಣಿ ಓಣಿಯನ್ನು ಜೋಡಿಸುವ ಬಸ್ಸಿಗೂ ಸಿಗಬೇಕು. ಅದು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಜನ ಸಾಲ ಮಾಡಿಯಾದರೂ ಸ್ಕೂಟರ್ ಕೊಳ್ಳುತ್ತಾರೆ. ಆ ಸ್ಕೂಟರಿಗೆ ಮತ್ತೆ ಪೇಟೆಯಲ್ಲೇ ಜಾಗ ಬೇಕು.

ಇನ್ನು ಬೀದಿ ವ್ಯಾಪಾರಿಗಳು. ರಸ್ತೆ ಇಕ್ಕಟ್ಟಾಯಿತೆಂದ ಕೂಡಲೇ ಮೊದಲು ಎತ್ತಂಗಡಿಯಾಗುವುದು ಅವರ ಗಾಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಮಾತ್ರ ಬೇರೆಯೇ ಹೇಳುತ್ತದೆ: ಸಮೀಕ್ಷೆ ಮುಗಿಯುವ ಮೊದಲು ಯಾರನ್ನೂ ಎಬ್ಬಿಸುವಂತಿಲ್ಲ, ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಒಂದು ಕಾರು ನಿಲ್ಲುವ ಜಾಗದಲ್ಲಿ ಎರಡು ಕುಟುಂಬಗಳು ಅನ್ನ ಗಳಿಸಬಲ್ಲವು. ಕಾರನ್ನು ಬಿಟ್ಟು ಗಾಡಿಯನ್ನು ಎತ್ತುವುದು ನ್ಯಾಯವಲ್ಲ.

1962ರಿಂದ ಹುಬ್ಬಳ್ಳಿಯೊಡನೆ ಒಂದೇ ಪಾಲಿಕೆಯಲ್ಲಿದ್ದ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಕೊಡಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿತು. ಬಹುಕಾಲದ ಬೇಡಿಕೆ ಅದು. ತನ್ನ ದುಡ್ಡನ್ನು ತಾನೇ ಖರ್ಚು ಮಾಡುವ ಅವಕಾಶ ಸಿಕ್ಕ ಊರು ಮೊದಲು ಮಾಡಬೇಕಾದದ್ದು ಮೇಲ್ಸೇತುವೆಯನ್ನಲ್ಲ, ಪೇಟೆಯ ರಸ್ತೆಗಳಿಗೆ ಮುರಿಯದ, ಅಡ್ಡಿಯಿಲ್ಲದ ಕಾಲುದಾರಿಯನ್ನು. ವಾರ್ಡಿನಲ್ಲಿ ಮತ ಕೇಳಲು ಬಂದವರನ್ನು ಓದುಗರು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ನಮ್ಮ ಓಣಿಗೆ ಬಸ್ಸು ಎಷ್ಟು ಹೊತ್ತಿಗೊಂದು, ನಮ್ಮ ಅವ್ವ ಗಿರಣಿಗೆ ನಡೆದು ಹೋಗುವ ದಾರಿಯನ್ನು ಯಾವಾಗ ಮಾಡಿಸುತ್ತೀರಿ?